ಬೆಂಚಿನಿಂದ ಎದ್ದು ಬಂದ ಕೋಚ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಲು ಒಪ್ಪಿಕೊಂಡೆ ಅಂತ ಓದಿ ತುಂಬ ಖುಷಿಯಾಯಿತು. ‘ನಾನು ಯಾವಾಗಲೂ ಬೆಂಚಿನಲ್ಲೇ ಕೂತವನು, ನನ್ನ ಮಾತು ಯಾರು ಕೇಳ್ತಾರೆ’ ಅಂತ ಬರೆದಿದ್ದೀಯಲ್ಲ, ಅದಕ್ಕೆ ಉತ್ತರವಾಗಿ, ಬೆಂಚಿನಲ್ಲಿ ಕೂತೇ ಮುಂದೆ ದೊಡ್ಡ ಕೋಚ್ ಆದ ಅಮೆರಿಕದ ಆಟಗಾರ ಸ್ಟೀವ್ ಕರ್ ವಿಷಯ ಬರೆಯುತ್ತಿದ್ದೇನೆ.

ಕರ್ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಹದಿನೈದು ಸೀಸನ್ ಆಡಿದ, ಒಟ್ಟು 910 ಪಂದ್ಯ. ಮೊದಲ ಐವರಲ್ಲಿ ಒಬ್ಬನಾಗಿ ಇಳಿದದ್ದು ಅದರಲ್ಲಿ ಬರೀ 30. ಪಂದ್ಯಕ್ಕೆ ಸರಾಸರಿ ಆರು ಪಾಯಿಂಟ್. 1988ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಾಗ, ಫೀನಿಕ್ಸ್ ತಂಡ ಅವನನ್ನು ತೆಗೆದುಕೊಂಡಾಗ ಆಗಲೇ 49 ಹೆಸರು ಮುಗಿದಿದ್ದವು. ವೇಗ ಇಲ್ಲ, ಜಿಗಿತ ಇಲ್ಲ, ಕಾಲೇಜಿನಲ್ಲಿದ್ದಾಗಲೇ ಮೊಣಕಾಲು ಹೋಗಿ ಒಂದು ವರ್ಷ ಕೂತಿದ್ದ. ಇದ್ದದ್ದು ಕೈ. 1,599 ಥ್ರೀ (ದೂರದಿಂದ ಎಸೆಯುವ ಮೂರು ಪಾಯಿಂಟಿನ ಎಸೆತ) ಎಸೆದು 726 ಹಾಕಿದ. ಶೇ 45.4. ಲೀಗಿನಲ್ಲಿ ಆ ದಾಖಲೆ ಇಂದಿಗೂ ಅವನದೇ.

ಮನಸ್ಸಿನ ಗಟ್ಟಿತನ ಎಲ್ಲಿಂದ ಬಂತು ಅಂತ ಹೇಳುವುದು ಕಷ್ಟ. ಅವನು ಹುಟ್ಟಿದ್ದು ಬೈರೂತ್‌ನಲ್ಲಿ. ತಂದೆ ಮಾಲ್ಕಮ್ ಕರ್ ಅಲ್ಲಿನ ಅಮೆರಿಕನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದಾಗ, 1984ರ ಜನವರಿ 18ರಂದು ಅವರನ್ನು ಕಚೇರಿಯ ಹೊರಗೇ ಗುಂಡಿಟ್ಟು ಕೊಂದರು. ಮಗನಿಗೆ ಆಗ ಹದಿನೆಂಟು, ಅರಿಜೋನಾದಲ್ಲಿ ಕಾಲೇಜಿನ ಮೊದಲ ವರ್ಷ. ಎರಡು ದಿನ ಬಿಟ್ಟು ನಡೆದ ಪಂದ್ಯದಲ್ಲಿ ಆಡಲು ಇಳಿದ, 12 ಪಾಯಿಂಟ್ ಹೊಡೆದ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಾಗುವುದಿಲ್ಲ.

ನಿನ್ನ ಹುಡುಗರಿಗೆ ತೋರಿಸಬೇಕಾದದ್ದು 1997ರ ಫೈನಲ್ಸ್‌ನ ಆರನೇ ಪಂದ್ಯ. ಕರ್ ಆಡುತ್ತಿದ್ದ ಶಿಕಾಗೊ, ಎದುರಾಳಿ ಯೂಟಾ 86-86ರಲ್ಲಿ ಸಮ. ಟೈಮ್‌ಔಟ್‌ನಲ್ಲಿ ತಂಡದ ತಾರೆ ಮೈಕಲ್ ಜೋರ್ಡನ್, ಕರ್ ಕಡೆ ತಿರುಗಿ, ನಿನ್ನನ್ನು ತಡೆಯಲು ನಿಂತಿರುವ ಯೂಟಾದ ಸ್ಟಾಕ್ಟನ್ ನನ್ನ ಮೇಲೆ ಬರುತ್ತಾನೆ, ಸಿದ್ಧವಾಗಿರು ಅಂದ. ಹಾಗೆಯೇ ಆಯಿತು. ಜೋರ್ಡನ್ ನುಗ್ಗಿದ, ಸ್ಟಾಕ್ಟನ್ ಅತ್ತ ಜಾರಿದ, ಫ್ರೀ ಥ್ರೋ ಗೆರೆಯ ಹತ್ತಿರ ಕರ್ ಒಬ್ಬನೇ ಉಳಿದ. ಐದು ಸೆಕೆಂಡ್ ಇರುವಾಗ ಚೆಂಡು ಬುಟ್ಟಿಗೆ. ಆ ದೃಶ್ಯವನ್ನು ಹುಡುಗರಿಗೆ ತೋರಿಸುವಾಗ ಜೋರ್ಡನ್‌ನನ್ನು ಬಿಟ್ಟು ಕರ್‌ನ ಕಾಲುಗಳನ್ನೇ ನೋಡಲು ಹೇಳು. ಚೆಂಡು ಕೈಗೆ ಸೇರುವ ಮೊದಲೇ ಎಸೆಯಲು ಸಿದ್ಧನಾಗಿದ್ದಾನೆ. 2003ರಲ್ಲಿ ಸ್ಯಾನ್ ಆಂಟೋನಿಯೊ ಪರ ಡಲ್ಲಾಸ್ ಎದುರೂ ಇದೇ. ಆ ವರ್ಷದ ಪ್ಲೇಆಫ್‌ನಲ್ಲಿ (ಲೀಗ್ ಮುಗಿದ ಮೇಲಿನ ನಾಕೌಟ್ ಸುತ್ತುಗಳಲ್ಲಿ) ಹೆಚ್ಚಾಗಿ ಬೆಂಚಿನಲ್ಲೇ ಇದ್ದವನು ಆರನೇ ಪಂದ್ಯದಲ್ಲಿ ಎದ್ದು ಬಂದು ನಾಲ್ಕು ಥ್ರೀ ಎಸೆದ, ನಾಲ್ಕೂ ಬಿದ್ದವು. ಆಟಗಾರನಾಗಿ ಐದು ಚಾಂಪಿಯನ್‌ಶಿಪ್.

2014ರಲ್ಲಿ ಗೋಲ್ಡನ್ ಸ್ಟೇಟ್ ಕೋಚ್ ಆದ. ತಂಡ ಹಿಂದಿನ ವರ್ಷ 51 ಪಂದ್ಯ ಗೆದ್ದಿತ್ತು, ಆದರೆ ಪಾಸ್‌ಗಳ ಲೆಕ್ಕದಲ್ಲಿ ಲೀಗಿಗೇ ಕೊನೆ. ಕರ್ ಮೊದಲು ಕೈ ಹಾಕಿದ್ದು ಅದಕ್ಕೆ. ಎರಡನೆಯದು ಇನ್ನೂ ಕಷ್ಟದ ಕೆಲಸ. ಎನ್‌ಬಿಎಗೆ ಬಂದಾಗಿನಿಂದ ಆಡಿದ ಅಷ್ಟೂ ಪಂದ್ಯದಲ್ಲಿ ಮೊದಲ ಐವರಲ್ಲೇ ಇಳಿದಿದ್ದ ತಂಡದ ಆಟಗಾರ ಆಂಡ್ರೆ ಇಗ್ವಾಡಾಲನಿಗೆ, ಇನ್ನು ಬೆಂಚಿನಿಂದ ಬಾ ಅಂದ. ಬೆಂಚು ಅಂದರೆ ಏನು ಅಂತ ಗೊತ್ತಿದ್ದವನ ಬಾಯಿಂದ ಬಂದದ್ದಕ್ಕೇ ಆ ಮಾತು ನಡೆಯಿತು ಅಂತ ನನ್ನ ನಂಬಿಕೆ. ಆ ಸಲ 67 ಗೆಲುವು. ಫೈನಲ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು 1-2ರಿಂದ ಹಿಂದೆ ಬಿದ್ದಾಗ, ನಿಕ್ ಯುರೆನ್ ಎಂಬ ಕಿರಿಯ ಸಹಾಯಕ ಹಳೆಯ ಫೈನಲ್ಸ್ ವಿಡಿಯೊ ನೋಡಿ, ಎತ್ತರದ ಬೋಗಟ್ ಬದಲು ಇಗ್ವಾಡಾಲನನ್ನು ಮೊದಲೇ ಇಳಿಸೋಣ ಅಂದ. ಕರ್ ಒಪ್ಪಿದ. ಮುಂದಿನ ಮೂರೂ ಪಂದ್ಯ ಗೆದ್ದರು, ಫೈನಲ್ಸ್‌ನ ಶ್ರೇಷ್ಠ ಆಟಗಾರ ಇಗ್ವಾಡಾಲನೇ. ಆಮೇಲೆ 2017, 2018, 2022ರಲ್ಲೂ ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡಕ್ಕೆ ಚಿನ್ನ ಬಂದಾಗಲೂ ಕೋಚ್ ಅವನೇ.

ನಿನ್ನ ಹುಡುಗರಿಗೆ ಕಲಿಸಬಹುದಾದದ್ದು ಈಗ ಬಂತು, ‘ಸ್ಪ್ಲಿಟ್’. ಅವನ ತಂಡ ಮತ್ತೆ ಮತ್ತೆ ಆಡುವ ಆಟ, ಮೂರು ಜನ ಸಾಕು. ಎತ್ತರದ ಹುಡುಗ ಫ್ರೀ ಥ್ರೋ ಗೆರೆಯ ಒಂದು ತುದಿಯಲ್ಲಿ ನಿಲ್ಲಲಿ. ಹೊರಗಿನ ಗಾರ್ಡ್ (ಬುಟ್ಟಿಯಿಂದ ದೂರ ನಿಂತು ಆಡುವವನು) ಅವನಿಗೆ ಚೆಂಡು ಕೊಟ್ಟವನೇ ಪಕ್ಕದ ಗಾರ್ಡ್ ಕಡೆ ಓಡಿ, ಆ ಗಾರ್ಡ್‌ನನ್ನು ಕಾಯುವ ಎದುರಾಳಿಗೆ ಸ್ಕ್ರೀನ್ ಹಾಕಬೇಕು, ಅಂದರೆ ಅಡ್ಡ ನಿಂತು ದಾರಿ ತಡೆಯಬೇಕು. ಮುಂದಿನದೆಲ್ಲ ಪಕ್ಕದ ಗಾರ್ಡ್ ಆ ಎದುರಾಳಿಯನ್ನು ನೋಡಿ ಮಾಡಬೇಕು. ಅವನು ಬೆನ್ನು ಹತ್ತಿ ಬಂದರೆ ಸ್ಕ್ರೀನ್ ಸುತ್ತಿ ಬುಟ್ಟಿಗೆ ನುಗ್ಗು. ಸ್ಕ್ರೀನಿನ ಬುಟ್ಟಿ ಬದಿಯಿಂದ ದಾಟಿದರೆ ಹೊರಕ್ಕೆ ಸರಿದು ಥ್ರೀ ಎಸೆ. ಇಬ್ಬರು ಎದುರಾಳಿಗಳೂ ಎಸೆಯುವವನ ಹಿಂದೆಯೇ ಬಿದ್ದರೆ ಸ್ಕ್ರೀನ್ ಹಾಕಿದವನೇ ಸರಕ್ಕನೆ ಬುಟ್ಟಿಗೆ ಓಡಲಿ.

ಕೆಡುವುದು ಎಲ್ಲಿ ಗೊತ್ತಾ? ಪಾಸ್ ಕೊಟ್ಟವನು ಚೆಂಡನ್ನೇ ನೋಡುತ್ತ ನಿಲ್ಲುತ್ತಾನೆ. ಗಾರ್ಡ್‌ಗಳು ಹತ್ತಿರ ಹತ್ತಿರ ನಿಂತರೆ ಒಬ್ಬ ಎದುರಾಳಿಯೇ ಇಬ್ಬರನ್ನೂ ಕಾಯುತ್ತಾನೆ, ಅದಕ್ಕೇ ಹನ್ನೆರಡು-ಹದಿನೈದು ಅಡಿ ಅಂತರ ಇಡಿಸು. ಸ್ಕ್ರೀನ್ ಹಾಕಿದವನು ಅಲುಗಾಡಿದರೆ ಫೌಲ್. ನುಗ್ಗಿದವನು ಚೆಂಡು ಸಿಗದೆ ಬುಟ್ಟಿಯ ಕೆಳಗೇ ಮೂರು ಸೆಕೆಂಡಿಗಿಂತ ಹೆಚ್ಚು ಉಳಿದರೆ ನಿಯಮಕ್ಕೆ ಸಿಕ್ಕಿಬೀಳುತ್ತಾನೆ. ಎತ್ತರದ ಹುಡುಗ ಚೆಂಡನ್ನು ಸೊಂಟದ ಹತ್ತಿರ ಇಳಿಸಿದರೆ ಎದುರಾಳಿ ಗಾರ್ಡ್ ಯಾರಾದರೂ ಬಂದು ಕಿತ್ತುಕೊಳ್ಳುತ್ತಾನೆ. ಗದ್ದದ ಕೆಳಗೆ, ಮೊಣಕೈ ಅಗಲಿಸಿ ಹಿಡಿಯಲಿ. ಎದುರಾಳಿ ಮೈಮೇಲೇ ಇದ್ದರೆ ಐದು ಸೆಕೆಂಡಿನೊಳಗೆ ಏನಾದರೂ ಮಾಡಲೇಬೇಕು ಅನ್ನುವುದೂ ನೆನಪಿರಲಿ. ಇನ್ನೊಂದು, ಇಷ್ಟು ಪಾಸ್ ಇರುವ ಆಟದಲ್ಲಿ ಚೆಂಡು ಕಳೆದುಕೊಳ್ಳುವುದು ಇದ್ದೇ ಇದೆ. ಕರ್ ತಂಡಕ್ಕೂ ವರ್ಷವರ್ಷ ಅದೇ ತಲೆನೋವು. ಓಡುತ್ತಿರುವವನಿಗೆ ಒಂದೇ ಕೈಯಲ್ಲಿ ಎಸೆದ ಪಾಸ್ ಸುಲಭವಾಗಿ ತಪ್ಪುತ್ತದೆ. ನಿನ್ನ ಹುಡುಗರು ಎರಡೂ ಕೈ ಬಳಸಲಿ.

ಮೊದಲ ವಾರ ಎದುರಾಳಿ ಬೇಡ, ಮೂವರೇ ಮಾಡಲಿ. ಆಮೇಲೆ ಮೂರಕ್ಕೆ ಮೂರು ಆಡಿಸು, ಡ್ರಿಬಲ್ (ಚೆಂಡು ನೆಲಕ್ಕೆ ಬಡಿಯುತ್ತ ಸಾಗುವುದು) ಪೂರ್ತಿ ಬಂದ್. ಬೆಂಚಿನಲ್ಲಿ ಕೂರುವವರನ್ನೂ ಇದರಲ್ಲಿ ಸಮಸಮ ಸೇರಿಸು. 2018ರ ಫೆಬ್ರವರಿಯಲ್ಲಿ ಫೀನಿಕ್ಸ್ ವಿರುದ್ಧ ಕರ್ ಟೈಮ್‌ಔಟ್‌ಗಳನ್ನು ಆಟಗಾರರ ಕೈಗೇ ಕೊಟ್ಟುಬಿಟ್ಟಿದ್ದ. ಆಟದ ಯೋಜನೆ ಬರೆಯುವ ಹಲಗೆ ಹಿಡಿದವರಲ್ಲಿ ಇಗ್ವಾಡಾಲನೂ ಇದ್ದ. 129-83ರಿಂದ ಗೆದ್ದರು. ನೀನೂ ಆಗಾಗ ಹಲಗೆಯನ್ನು ಬೆಂಚಿನ ಹುಡುಗನಿಗೆ ಕೊಟ್ಟು ನೋಡು.

ಎಷ್ಟು ಹುಡುಗರಿದ್ದಾರೆ, ಅವರಲ್ಲಿ ಎಡಗೈಯವರು ಎಷ್ಟು ಅಂತ ಬರೆ. ಎಡಗೈಯವನಿದ್ದರೆ ಸ್ಪ್ಲಿಟ್ ಯಾವ ಬದಿಯಿಂದ ಶುರು ಮಾಡಿಸಬೇಕು ಅನ್ನುವುದು ಬದಲಾಗುತ್ತದೆ.

ನಿನ್ನ,
ರಾಘು