ತಲೆಗೆ ಪೆಟ್ಟಾದರೆ ರೆಸ್ಟ್ ಎಷ್ಟು ದಿನ? ಚೀಟಿಯಲ್ಲಿ ಬರೆದುಕೊಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಉಡುಪಿಯ ಮಳೆಗಾಲದಲ್ಲಿ ಅಂಗಳದ ಪಾಚಿ ಯಾರನ್ನೂ ಬಿಡುವುದಿಲ್ಲ. ಕಳೆದ ಜುಲೈಯಲ್ಲಿ ಅದು ನನ್ನನ್ನೂ ಹಿಡಿಯಿತು. ಬಿದ್ದಿದ್ದ ತೆಂಗಿನ ಮಡಲು ಎಳೆದು ಹಾಕೋಣ ಅಂತ ಹೋದವನು ಜಾರಿದೆ, ತಲೆಯ ಹಿಂಬದಿ ತುಳಸಿಕಟ್ಟೆಯ ಅಂಚಿಗೆ ಬಡಿಯಿತು. ಎಚ್ಚರ ತಪ್ಪಲಿಲ್ಲ, ರಕ್ತ ಬರಲಿಲ್ಲ, ಒಳಗೆ ಬಂದು ಚಾ ಕೂಡ ಕುಡಿದೆ. ಅರ್ಧ ಗಂಟೆ ಕಳೆದ ಮೇಲೆ ತಲೆ ಸಿಡಿಯತೊಡಗಿತು. ವಾಕರಿಕೆ ಬೇರೆ. ಟ್ಯೂಬ್‌ಲೈಟ್ ಕಡೆ ಕಣ್ಣೆತ್ತಲು ಆಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದರು, ನಾರ್ಮಲ್. ‘ಕನ್ಕಷನ್ ಆಗಿದೆ, ರೆಸ್ಟ್ ಮಾಡಿ’ ಎಂದರು. (ಕನ್ಕಷನ್ ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಕೆಲಕಾಲ ಹದ ತಪ್ಪುವುದು. ಅದರಲ್ಲಿ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ಲೇ ಬರುತ್ತದೆ, ಎಚ್ಚರ ತಪ್ಪಬೇಕೆಂದೂ ಇಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು.) ಎಷ್ಟು ದಿನ ರೆಸ್ಟ್ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಪ್ಪು ಇಬ್ಬರದ್ದೂ.

ಮನೆಯಲ್ಲಿ ಕೇಳಬೇಕಾ! ಅಮ್ಮ ಕಿಟಕಿಗೆ ಬೆಡ್‌ಶೀಟ್ ಕಟ್ಟಿದರು. ‘ಮಿದುಳಿಗೆ ಪೆಟ್ಟು ಮಾರಾಯಾ, ಎದ್ದು ತಿರುಗಬೇಡ’ ಅಂತ ನೋಡಲು ಬಂದವರೆಲ್ಲ ಹೇಳಿದರು. ಊಟ ಮಂಚಕ್ಕೇ ಬಂತು. ಹೀಗೆ ಮೂರು ವಾರ. ಗುಣವಾಯಿತಾ? ಇಲ್ಲ. ರಾತ್ರಿ ನಿದ್ದೆ ಹೋಯಿತು, ಸುಮ್ಸುಮ್ನೆ ಸಿಟ್ಟು, ನಾಲ್ಕು ಮೆಟ್ಟಿಲು ಹತ್ತಿದರೆ ತಲೆ ತಿರುಗುವುದು. ಬ್ಯಾಂಕಿನ ಲೆಡ್ಜರ್ ನೋಡುವ ಕೆಲಸ ನನ್ನದು, ಇನ್ನು ಮುಂದೆ ಅದು ಆಗುವುದೇ ಇಲ್ಲವೇನೋ ಅಂತ ಹೆದರಿಕೆ ಶುರುವಾಯಿತು. ಅದರಲ್ಲಿ ಎಷ್ಟು ಪೆಟ್ಟಿನದ್ದು, ಎಷ್ಟು ಕತ್ತಲೆ ಕೋಣೆಯದ್ದು ಅಂತ ಇವತ್ತಿಗೂ ನನಗೆ ಬಿಡಿಸಿ ಹೇಳಲು ಬರುವುದಿಲ್ಲ.

ಕೊನೆಗೆ ಗೆಳೆಯನೊಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದ. ಅವರು ನನ್ನನ್ನು ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿದಾಗ ಅಮ್ಮ ಹೊರಗೆ ದೇವರ ನಾಮ ಹೇಳುತ್ತಾ ಕೂತಿದ್ದರು. ವೇಗ ಬದಲಿಸದೆ ನಿಮಿಷಕ್ಕೊಮ್ಮೆ ಏರು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗುವುದು, ತಲೆನೋವು ಹೆಚ್ಚಾದ ಕೂಡಲೇ ನಿಲ್ಲಿಸಿ ಆಗ ಎದೆಬಡಿತ ಎಷ್ಟಿತ್ತು ಅಂತ ಬರೆದುಕೊಳ್ಳುವುದು, ಪರೀಕ್ಷೆ ಇಷ್ಟೇ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಕ್ರಮವಂತೆ. ನನ್ನದು 130ಕ್ಕೆ ನಿಂತಿತು. ಅದರ ಶೇ 80ರಿಂದ 90, ಅಂದರೆ 104ರಿಂದ 117ರ ಒಳಗೆ ಎದೆಬಡಿತ ಇಟ್ಟುಕೊಂಡು ದಿನಾ 20 ನಿಮಿಷ ನಡೆಯಿರಿ ಎಂದರು.

ನಡೆಯುವಾಗ ತಲೆನೋವು ಸ್ವಲ್ಪ ಏರಿದರೆ ಗಾಬರಿ ಬೇಡ ಎಂದರು. ಹತ್ತಕ್ಕೆ ಇಷ್ಟು ಅಂತ ನೋವಿಗೆ ಅಂಕ ಕೊಟ್ಟುಕೊಳ್ಳಬೇಕು. ಎರಡಕ್ಕಿಂತ ಹೆಚ್ಚು ಅಂಕ ಏರಿದರೆ ಅವತ್ತಿಗೆ ನಿಲ್ಲಿಸಿ ಮರುದಿನ ನೋಡುವುದು. ಏರಿದ್ದು ಒಂದು ಗಂಟೆಯೊಳಗೆ ಇಳಿಯದಿದ್ದರೆ ಮರುದಿನ ಕಡಿಮೆ ನಡೆಯುವುದು. ಪೆಟ್ಟಾದ ಮೇಲೆ ಮಿದುಳಿಗೆ ಹೋಗುವ ರಕ್ತದ ಹರಿವು, ಎದೆಬಡಿತ ಇವುಗಳ ಹತೋಟಿ ಸ್ವಲ್ಪ ಹದ ತಪ್ಪಿರುತ್ತದೆಯಂತೆ, ಹದವಾದ ಏರೋಬಿಕ್ ವ್ಯಾಯಾಮ (ನಡಿಗೆ, ಸೈಕಲ್‌ನಂತೆ ಎದೆಬಡಿತ ಏರಿಸುವಂಥದ್ದು) ಅದನ್ನು ಮತ್ತೆ ದಾರಿಗೆ ತರುತ್ತದೆ ಅನ್ನುವುದು ಅವರ ವಿವರಣೆ.

ಮಳೆ ಬಿಟ್ಟ ದಿನ ಅಜ್ಜರಕಾಡು ಮೈದಾನ, ಬಿಡದ ದಿನ ಮನೆಯ ಜಗಲಿಯಲ್ಲೇ ಆ ಕಡೆಯಿಂದ ಈ ಕಡೆಗೆ. ನಮ್ಮೂರಲ್ಲಿ ರಸ್ತೆ ಬದಿ ನಡೆಯಲು ಹೋದರೆ ಇನ್ನೊಂದು ಕನ್ಕಷನ್ ಆದೀತು, ಆ ಮಾತು ಬೇರೆ ಪತ್ರಕ್ಕಿರಲಿ. ನಡೆಯಲು ಶುರು ಮಾಡಿದ ಮೂರನೇ ವಾರಕ್ಕೆ ನಿದ್ದೆ ಬಂತು. ಐದನೇ ವಾರ ಅರ್ಧ ದಿನ ಬ್ಯಾಂಕಿಗೆ ಹೋದೆ.

ಇದು ನನ್ನೊಬ್ಬನ ಕಥೆಯಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಕ್ರೀಡೆಯಲ್ಲಿ ಆಗುವ ಕನ್ಕಷನ್ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಸೇರಿದ ತಜ್ಞರು 2023ರಲ್ಲಿ ಪ್ರಕಟಿಸಿದ ಹೇಳಿಕೆಯಲ್ಲಿ ಇದು ಸ್ಪಷ್ಟವಾಗಿದೆ. ಗುಣವಾಗುವ ತನಕ ಮಲಗಿರುವುದರಿಂದ ಲಾಭವಿಲ್ಲ. ಮೊದಲ 24ರಿಂದ 48 ಗಂಟೆ ಆರಾಮಾಗಿರಿ, ಮೊಬೈಲ್, ಟಿ.ವಿ. ಕಡಿಮೆ ಮಾಡಿ, ಆಗಲೂ ಮನೆಯೊಳಗೆ ಓಡಾಡಿಕೊಂಡಿರಿ, ಆಮೇಲೆ ನಡಿಗೆ ಅಥವಾ ನಿಂತ ಸೈಕಲ್ ತುಳಿಯುವುದನ್ನು ನಿಧಾನಕ್ಕೆ ಹೆಚ್ಚಿಸಿ ಅನ್ನುತ್ತದೆ ಅದು. ಬಫಲೋದವರೇ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏರೋಬಿಕ್ ವ್ಯಾಯಾಮ ಮಾಡಿದ ಗುಂಪು ಸುಮಾರು 13 ದಿನಕ್ಕೆ ಗುಣವಾದರೆ, ಬರೀ ಸ್ಟ್ರೆಚಿಂಗ್ ಮಾಡಿದ ಗುಂಪಿಗೆ 17 ದಿನ ಹಿಡಿಯಿತು. ಆದರೆ ಅವರೆಲ್ಲ 13ರಿಂದ 18 ವರ್ಷದ ಆಟಗಾರರು, 46ರ ಬ್ಯಾಂಕಿನವನಿಗೆ ಅದೇ ಲೆಕ್ಕ ಹಿಡಿಯಲು ಆಗುವುದಿಲ್ಲ. ನನ್ನ ಮಟ್ಟಿಗೆ ಆ ನಾಲ್ಕು ದಿನ ಮುಖ್ಯವೂ ಅಲ್ಲ, ನಡೆದರೆ ಮಿದುಳು ಕೆಡುತ್ತದೆ ಅನ್ನುವ ಹೆದರಿಕೆ ಹೋಗಬೇಕು ಅಷ್ಟೆ.

ಹಾಗಂತ ಪೆಟ್ಟಾದ ಮರುದಿನವೇ ಕಬಡ್ಡಿಗೆ ಇಳಿಯಿರಿ, ಬೈಕ್ ಹತ್ತಿರಿ, ತೆಂಗಿನಮರ ಏರಿರಿ ಅನ್ನುತ್ತಿಲ್ಲ ಮಾರಾಯ್ರೆ. ತಲೆಗೆ ಎರಡನೇ ಪೆಟ್ಟು ಬೀಳುವ ಯಾವ ಕೆಲಸವೂ ಡಾಕ್ಟರು ಸರಿ ಅನ್ನುವ ತನಕ ಬೇಡ. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲಲ್ಲಿ ಬಲ ಇಲ್ಲದಿರುವುದು, ಮಾತು ತೊದಲುವುದು, ಇವು ಕಂಡರೆ ನಡಿಗೆಯ ಮಾತೇ ಇಲ್ಲ, ಸೀದಾ ಆಸ್ಪತ್ರೆಗೆ.

ನನ್ನ ಕೋರಿಕೆ ಸಣ್ಣದು. ಮಣಿಪಾಲ, ಮಂಗಳೂರಿನಂಥ ಊರುಗಳು ಹತ್ತಿರ ಇವೆ, ನಮ್ಮಲ್ಲಿ ಆಸ್ಪತ್ರೆಗೆ ಬರವಿಲ್ಲ. ತಲೆಗೆ ಪೆಟ್ಟಾದವರನ್ನು ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ಸಾಲು ಕನ್ನಡದಲ್ಲಿ ಬರೆಯಿರಿ: ಎಷ್ಟು ಗಂಟೆ ರೆಸ್ಟ್, ಯಾವತ್ತಿನಿಂದ ನಡಿಗೆ. ಬಾಯಲ್ಲಿ ಹೇಳಿದರೆ ಸಾಲದು, ತಲೆ ಸಿಡಿಯುತ್ತಿರುವವನಿಗೆ ಅದು ನೆನಪಿರುವುದಿಲ್ಲ. ಚೀಟಿಯಲ್ಲಿ ಇದ್ದಿದ್ದರೆ ನಮ್ಮಮ್ಮನಿಗೂ ತೋರಿಸಬಹುದಿತ್ತು.

– ಅಜ್ಜರಕಾಡಿನ ಓದುಗ, ಉಡುಪಿ