ಕಾಡುಕುರಿ ಕೂಗಿದ ದಾರಿ

ಇಂಗ್ಲೆಂಡಿನ ನಮ್ಮ ಕನ್ನಡ ಸಂಘದ ಯುಗಾದಿ ಊಟ ಮುಗಿದು ಬಾಡಿಗೆ ಸಭಾಂಗಣದ ಕುರ್ಚಿಗಳನ್ನು ಪೇರಿಸಿಡುತ್ತಿದ್ದಾಗ ಹಿರಿಯರೊಬ್ಬರು ಹತ್ತಿರ ಬಂದು, "ಮುಂದಿನ ಕಾರ್ಯಕ್ರಮ ಯಾವಾಗ್ರಿ?" ಎಂದು ಕೇಳಿದರು. ಮಗಳ ಮನೆಗೆಂದು ಆರು ತಿಂಗಳ ವೀಸಾದಲ್ಲಿ ಬಂದವರು. ನವೆಂಬರಿನಲ್ಲಿ ರಾಜ್ಯೋತ್ಸವ ಎಂದೆ. "ಅಷ್ಟೊತ್ತಿಗೆ ನಾ ಊರಿಗೆ ಹೋಗಿರ್ತೀನಲ್ರಿ" ಎಂದು ತಮ್ಮ ತಟ್ಟೆ ತೊಳೆಯಲು ಹೊರಟರು. ಸಂಘದ ಪತ್ರಿಕೆಯ ಈ ಸಂಚಿಕೆಗೆ ಬೇರೆ ಏನನ್ನೋ ಬರೆಯಬೇಕೆಂದಿದ್ದೆ. ಆ ಮಾತು ಬಿಡಲಿಲ್ಲ.

ಬೇಸಿಗೆ ಬಂತೆಂದರೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅಪ್ಪ ಅಮ್ಮ ಬರುತ್ತಾರೆ. ನಾವು ಕೆಲಸಕ್ಕೆ, ಮಕ್ಕಳು ಶಾಲೆಗೆ. ಅವರು ಕಿಟಕಿ ಪಕ್ಕದ ಕುರ್ಚಿಗೆ. ಶನಿವಾರ ಒಂದು ಸಲ ಲಂಡನ್ನಿನ ಸೇತುವೆ, ಅರಮನೆ ತೋರಿಸಿದರೆ ನಮಗೆ ಸಮಾಧಾನ. ಜೀವಮಾನವಿಡೀ ಮಣ್ಣಿನ ಮೇಲೆ ನಡೆದವರಿಗೆ ಈ ದೇಶದ ಮಣ್ಣಿನ ದಾರಿಯನ್ನೇ ನಾವು ತೋರಿಸಿಲ್ಲ. ಅದಕ್ಕೇ ಈ ಸಲ ಒಂದು ಸುತ್ತು ನಡಿಗೆಯ ವಿಷಯ ಬರೆಯುತ್ತಿದ್ದೇನೆ. ಹರ್ಟ್‌ಫರ್ಡ್‌ಶೈರಿನ ಆಶ್‌ರಿಜ್ ಎಸ್ಟೇಟ್. ಸುಮಾರು 5,000 ಎಕರೆ ಕಾಡು, ಹುಲ್ಲುಗಾವಲು, ಸುಣ್ಣಕಲ್ಲಿನ ದಿಬ್ಬ. ಈಗ ಹಳೆಯ ಭವನ, ಕಾಡು, ಬಯಲುಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ.

ಹೋದ ವರ್ಷ ಮೇ ತಿಂಗಳಲ್ಲಿ ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಂಡಿನೋವು, ಮೇಲೆ ಸೀರೆ, ನನಗೆ ಅಳುಕಿತ್ತು. ನಡಿಗೆ ಶುರುವಾಗುವುದು ಬ್ರಿಜ್‌ವಾಟರ್ ಸ್ಮಾರಕದ ಬುಡದಿಂದ. ಮೂರನೆಯ ಡ್ಯೂಕ್ ಆಫ್ ಬ್ರಿಜ್‌ವಾಟರ್ ನೆನಪಿಗೆ 1832ರಲ್ಲಿ ನಿಲ್ಲಿಸಿದ ಕಲ್ಲಿನ ಕಂಬ ಅದು, ಒಳಗೆ 172 ಮೆಟ್ಟಿಲು. ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲು ಕಾಲುವೆ ತೋಡಿಸಿದ ಮನುಷ್ಯ. 1761ರಲ್ಲಿ ಆ ಕಾಲುವೆಯಲ್ಲಿ ದೋಣಿ ಓಡಿದ ಮೇಲೆ ಈ ದೇಶದಲ್ಲೆಲ್ಲ ಕಾಲುವೆ ತೋಡುವ ಹುಚ್ಚೇ ಹಿಡಿಯಿತು. ಕಂಬದಿಂದ ಆಶ್‌ರಿಜ್ ಹೌಸ್ ಕಡೆಗೆ ಪ್ರಿನ್ಸಸ್ ರೈಡಿಂಗ್ ಎಂಬ ಅಗಲವಾದ ಹುಲ್ಲುದಾರಿ ಗೆರೆ ಎಳೆದಂತೆ ಹೋಗುತ್ತದೆ. ಎರಡೂ ಬದಿ ಮರ, ನಡುವೆ ಆಕಾಶ. ಆ ಭವನದಾಚೆ ನೆಲ ಮೆಲ್ಲಗೆ ಇಳಿದು ಗೋಲ್ಡನ್ ವ್ಯಾಲಿ. 18ನೇ ಶತಮಾನದಲ್ಲಿ ಕೇಪಬಿಲಿಟಿ ಬ್ರೌನ್ ಎಂಬ ಉದ್ಯಾನ ವಿನ್ಯಾಸಕ ರೂಪಿಸಿದ ಕಣಿವೆ ಅದು. ಮನುಷ್ಯರು ಕೂತು ಯೋಚಿಸಿ ಮರ ನೆಟ್ಟದ್ದೆಂದು ಯಾರಾದರೂ ಹೇಳದಿದ್ದರೆ ಗೊತ್ತೇ ಆಗುವುದಿಲ್ಲ. ಅಲ್ಲಿಂದ ಲಿಟಲ್ ಗ್ಯಾಡ್ಸ್‌ಡನ್ ಹಳ್ಳಿಯ ಅಂಚು ಹಿಡಿದು, ರಸ್ತೆ ದಾಟಿ, ಕಾಡಿನೊಳಗಿಂದ ಮತ್ತೆ ಕಂಬಕ್ಕೆ. ಅಲ್ಲಲ್ಲಿ ಕೂತು, ಕಾಫಿ ಕುಡಿದು, ಮೂರು ಗಂಟೆ ಹಿಡಿಯಿತು.

ಹಳ್ಳಿ ಹತ್ತಿರದ ಹೊಲದ ಬೇಲಿಯಲ್ಲಿ ಒಂದು ಕಿಸ್ಸಿಂಗ್ ಗೇಟು ಸಿಕ್ಕಿತು. ಅರ್ಧ ಸುತ್ತಿನ ಕಟಕಟೆ, ಅದರೊಳಗೆ ಆಡುವ ಒಂದು ಗೇಟು. ಒಳಗೆ ಹೋಗಿ, ಗೇಟನ್ನು ಹಿಂದಕ್ಕೆ ತಳ್ಳಿ, ಆಚೆ ಹೊರಡಬೇಕು. ಒಂದು ಸಲಕ್ಕೆ ಒಬ್ಬರೇ, ದನ ನುಸುಳಲಾರದು. ಹೇಗೆ ದಾಟುವುದೆಂದು ನಾನು ಅಮ್ಮನಿಗೆ ವಿವರಿಸುತ್ತಿದ್ದೆ. ಅವಳು ಸೆರಗು ಸಿಕ್ಕಿಸಿ ಆಗಲೇ ಆಚೆ ನಿಂತಿದ್ದಳು. "ಉಣಗೋಲು ದಾಟಿ ಬೆಳೆದವಳಿಗೆ ಇದೇನು ಹೊಸತಾ?" ಎಂದಳು. ಕರಾವಳಿಯವರು ದಣಪೆ ಎಂದಾರು. ಹೆಸರು ಬೇರೆ, ಕೆಲಸ ಒಂದೇ.

ಕಾಡಿಗೆ ಬಂದು ಬೀಚ್ ಮರವೊಂದಕ್ಕೆ ಒರಗಿ ಕೂತಿದ್ದೆವು. ನುಣುಪಾದ ಬೂದು ತೊಗಟೆ, ಆನೆಯ ಕಾಲಿನಂತೆ ಬೇರು. ಚಿಗುರೆಲೆ ಎಷ್ಟು ತೆಳುವೆಂದರೆ ಬಿಸಿಲು ಅದರೊಳಗಿಂದಲೇ ಇಳಿಯುತ್ತಿತ್ತು. ಎಲ್ಲಿಂದಲೋ ನಾಯಿ ಬೊಗಳಿದಂತೆ ಒಂದೇ ಒಂದು ಕೂಗು. ಸ್ವಲ್ಪ ಬಿಟ್ಟು ಮತ್ತೊಂದು. ಯಾರದೋ ನಾಯಿ ಇರಬೇಕೆಂದುಕೊಂಡೆ. ಅಮ್ಮ ಚಪಾತಿ ಸುತ್ತುತ್ತಿದ್ದ ಕೈ ನಿಲ್ಲಿಸಿ, "ನಾಯಿ ಅಲ್ಲ ಕಣೋ, ಕಾಡುಕುರಿ" ಎಂದಳು. ಇಂಗ್ಲೆಂಡಿನಲ್ಲಿ ಎಲ್ಲಿಯ ಕಾಡುಕುರಿ ಎಂದು ನಾನು ತಲೆ ಆಡಿಸಿದೆ. ಐದು ನಿಮಿಷಕ್ಕೆ ಕುಳ್ಳಗಿನ, ಬೆನ್ನು ಬಾಗಿದ ಕಂದು ಜೀವವೊಂದು ದಾರಿಗೆ ಬಂದು, ನಮ್ಮನ್ನು ನೋಡಿ, ಬಾಲ ಎತ್ತಿ ಪೊದೆಗೆ ಹಾರಿತು. ಮಂಟ್‌ಜಾಕ್. ನಮ್ಮ ಮಲೆನಾಡಿನ ಕಾಡುಕುರಿಯ ದಾಯಾದಿ, ಮೂಲ ಚೀನಾ. ಇಲ್ಲಿಂದ ಹೆಚ್ಚು ದೂರವಿಲ್ಲದ ವೋಬರ್ನ್ ಎಸ್ಟೇಟಿಗೆ ಒಂದು ಶತಮಾನದ ಹಿಂದೆ ತಂದು ಸಾಕಿದ್ದವು ತಪ್ಪಿಸಿಕೊಂಡು, ಕೆಲವನ್ನು ಜನರೇ ಬಿಟ್ಟು, ಈಗ ದಕ್ಷಿಣ ಇಂಗ್ಲೆಂಡಿನ ಕಾಡಲ್ಲೆಲ್ಲ ಇವೆ. ಚಿಗುರು, ಹೂವು ಮೇಯ್ದು ಕಾಡಿಗೆ ಹಾನಿ ಮಾಡುತ್ತವೆಂಬ ದೂರು ಇದೆ, ಅದು ನಿಜ ಕೂಡ. ಆದರೆ ಆ ದಿನ ಆ ಕೂಗು ಅಮ್ಮನನ್ನು ಮಾತಿಗೆ ಎಳೆದಂತೆ ಎರಡು ತಿಂಗಳಲ್ಲಿ ನಾನು ಎಳೆದಿರಲಿಲ್ಲ. ಅಜ್ಜನ ಮನೆಯ ಹಿಂದಿನ ಸೊಪ್ಪಿನಬೆಟ್ಟ, ಹುಲಿ ಬಂದ ರಾತ್ರಿ, ದರಗು ಗುಡಿಸಲು ಹೋಗಿ ದಾರಿ ತಪ್ಪಿದ್ದು. ನನಗೆ ಗೊತ್ತೇ ಇಲ್ಲದ ಕತೆಗಳು.

ಇನ್ನೊಂದು ವಿಷಯ ಅವಳಿಗೆ ಬಹಳ ಹಿಡಿಸಿತು. ಎಸ್ಟೇಟಿಗೆ ತಾಗಿಕೊಂಡ ಬರ್ಕಮ್‌ಸ್ಟೆಡ್ ಕಾಮನ್ ನಮ್ಮ ಗೋಮಾಳದ ಹಾಗೆ, ಊರವರು ದನ ಮೇಯಿಸಿ ಸೌದೆ ತರುತ್ತಿದ್ದ ಜಾಗ. 1866ರಲ್ಲಿ ಆಶ್‌ರಿಜ್‌ನ ಒಡೆಯ ಲಾರ್ಡ್ ಬ್ರೌನ್ಲೊ ಅದರ 434 ಎಕರೆಗೆ ಕಬ್ಬಿಣದ ಬೇಲಿ ಹಾಕಿಸಿದ. ಸ್ಥಳೀಯರಾದ ಅಗಸ್ಟಸ್ ಸ್ಮಿತ್ ಲಂಡನ್ನಿನಿಂದ ನೂರಕ್ಕೂ ಹೆಚ್ಚು ಕೂಲಿಯಾಳುಗಳನ್ನು ರಾತ್ರಿ ರೈಲಿನಲ್ಲಿ ಕರೆಸಿದರು. ಮಾರ್ಚ್ ತಿಂಗಳ ಆ ರಾತ್ರಿ ಅವರು ಟ್ರಿಂಗ್ ಸ್ಟೇಷನ್ನಿನಲ್ಲಿ ಇಳಿದು, ಕತ್ತಲಲ್ಲೇ ನಡೆದು ಹೋಗಿ, ಬೆಳಗಾಗುವಷ್ಟರಲ್ಲಿ ಬೇಲಿಯನ್ನೆಲ್ಲ ಕಿತ್ತು ಒಪ್ಪವಾಗಿ ಪೇರಿಸಿಟ್ಟಿದ್ದರು. ಬೆಳಗ್ಗೆ ಊರವರು ಬಂದು ತಮ್ಮದೇ ನೆಲದಲ್ಲಿ ತಿರುಗಾಡಿದರು. ನ್ಯಾಯಾಲಯವೂ 1870ರಲ್ಲಿ ಸ್ಮಿತ್ ಪರವಾಗಿಯೇ ತೀರ್ಪು ಕೊಟ್ಟಿತು. ಅಮ್ಮ ಕೇಳಿದ್ದು ಒಂದೇ, "ಕಿತ್ತ ಬೇಲಿಯನ್ನು ಮುರಿಯದೆ ಇಟ್ಟರಾ?" ಹೌದೆಂದೆ. "ಒಳ್ಳೆಯವರು" ಎಂದಳು.

ಹಳದಿ ಬಾಣದ ಗುರುತು ಇರುವ ಕಾಲುದಾರಿಯಲ್ಲಿ ಖಾಸಗಿ ಹೊಲದ ನಡುವೆಯೂ ನಡೆಯುವ ಹಕ್ಕು ಎಲ್ಲರಿಗಿದೆ, ಆರು ತಿಂಗಳಿಗೆ ಬಂದ ನಮ್ಮ ಅಪ್ಪ ಅಮ್ಮಂದಿರಿಗೂ ಇದೆ. ಯಾರ ಅನುಮತಿಯೂ ಬೇಡ, ಸಂಕೋಚವೂ ಬೇಡ. ನಾವು ತೆರೆದ ಗೇಟನ್ನು ಮುಚ್ಚಿ ಬಂದರಾಯಿತು.

ಮೇ ಮೊದಲ ಭಾನುವಾರ ಬೆಳಗ್ಗೆ 10ಕ್ಕೆ ಸ್ಮಾರಕದ ಬಳಿ ಸೇರೋಣ. ಆ ಹೊತ್ತಿಗೆ ಕಾಡಿನಲ್ಲಿ ನೀಲಿ ಬ್ಲೂಬೆಲ್ ಅರಳಿರುತ್ತದೆ. ದಯವಿಟ್ಟು ಫೋಟೋಕ್ಕಾಗಿ ಹೂವಿನ ನಡುವೆ ಕಾಲಿಡಬೇಡಿ, ಮಕ್ಕಳನ್ನೂ ಬಿಡಬೇಡಿ. ತುಳಿದ ಎಲೆ ಮತ್ತೆ ಏಳುವುದಿಲ್ಲ, ಎಲೆ ಇಲ್ಲದೆ ಗಡ್ಡೆ ಸೊರಗಿ, ಆ ಜಾಗ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಬುತ್ತಿ ಅವರವರದು, ಕಾಫಿ ಸಂಘದ್ದು. ಕಾರಿಲ್ಲದವರು ಮೊದಲೇ ತಿಳಿಸಿ, ಜಾಗ ಹೊಂದಿಸುತ್ತೇವೆ. ಮಳೆ ಬಂದಿದ್ದರೆ ಕೆಸರು ಇದ್ದೇ ಇರುತ್ತದೆ, ಚಪ್ಪಲಿಯಲ್ಲಿ ಆಗದು.

ಯುಗಾದಿಯ ದಿನ ಕೇಳಿದ ಆ ಹಿರಿಯರಿಗೆ ಫೋನ್ ಮಾಡಿದ್ದೇನೆ, ಬರುತ್ತೇನೆಂದಿದ್ದಾರೆ. ಊರಿನಿಂದ ತಂದಿರುವುದು ಒಂದು ಜೊತೆ ಚಪ್ಪಲಿ ಮಾತ್ರವಂತೆ. ಅಳತೆ 8. ನಿಮ್ಮ ಮನೆಯಲ್ಲಿ ಆ ಅಳತೆಯ ನಡಿಗೆ ಬೂಟು ಇದ್ದರೆ ಈ ವಾರದೊಳಗೆ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.