ಮಂಡಿಗೆ ಸೂಜಿ ಹಾಕಿಸಿಕೊಳ್ಳುವ ಮುಂಚೆ

ಚಿ. ಸೌ. ಸುಮಾಳಿಗೆ ಅತ್ತೆಯ ಆಶೀರ್ವಾದಗಳು.

ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಲಾ ಬೇಡವಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಮೂಳೆ ಡಾಕ್ಟರ ಓಪಿಡಿಯಲ್ಲಿ ನರ್ಸ್ ಆಗಿದ್ದವಳು ನಾನು. ಈ ಸೂಜಿಗೆ ಎಷ್ಟು ಸಲ ಟ್ರೇ ಜೋಡಿಸಿಕೊಟ್ಟಿದ್ದೇನೋ ಲೆಕ್ಕವಿಲ್ಲ.

ಮೊದಲು ಹೆದರಿಕೆ ಬಿಡು. ಸ್ಟೀರಾಯ್ಡ್ ಅಂದರೆ ಮುಖ ಊದಿಕೊಳ್ಳುತ್ತದೆ, ಮೂಳೆ ಟೊಳ್ಳಾಗುತ್ತದೆ ಅಂತ ಅತ್ತಿಗೆ ಹೇಳಿರುತ್ತಾರೆ, ಅಲ್ವಾ? ಅದು ಹೆಚ್ಚಾಗಿ ತಿಂಗಳು, ವರ್ಷಗಟ್ಟಲೆ ಮಾತ್ರೆ ನುಂಗುವವರ ಪಾಡು. ಇಲ್ಲಿ ಔಷಧ ಕೀಲಿನೊಳಗೇ ಹೋಗುತ್ತದೆ. ಮಂಡಿಗೆ ಸಾಮಾನ್ಯವಾಗಿ 40 ಮಿಲಿಗ್ರಾಂ ಟ್ರೈಆಮ್ಸಿನೊಲೋನ್ ಅನ್ನುವ ಸ್ಟೀರಾಯ್ಡ್ ಹಾಕುತ್ತಾರೆ. ಬಾಟಲಿಯ ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ, ಅಲ್ಲಾಡಿಸಿದರೆ ಹಾಲಿನ ಹಾಗೆ ಆಗುತ್ತದೆ. ಆ ಪುಡಿ ನಿಧಾನವಾಗಿ ಕರಗುವುದರಿಂದಲೇ ವಾರಗಟ್ಟಲೆ ಕೆಲಸ ಮಾಡುವುದು. ಡಾಕ್ಟರು ಮಂಡಿಚಿಪ್ಪಿನ ಪಕ್ಕ ಬೆರಳಿಟ್ಟು ಸಂದು ಹುಡುಕುತ್ತಾರೆ, ನೀರು ತುಂಬಿದ್ದರೆ ಮೊದಲು ಅದನ್ನು ಎಳೆದು ತೆಗೆಯುತ್ತಾರೆ. ಎಷ್ಟೋ ಜನಕ್ಕೆ ಆ ನೀರು ತೆಗೆದಾಗಲೇ ಅರ್ಧ ಹಗುರ.

ಗುಣವೇನೋ ಕಾಣುತ್ತದೆ. ಕೆಲವು ದಿನದಲ್ಲಿ ನೋವು ಇಳಿಯುತ್ತದೆ. ಆದರೆ ನಿನ್ನಂಥ ಸವೆದ ಮಂಡಿಗೆ ಅದು ನಾಲ್ಕಾರು ವಾರದ ಮಾತು, ಕೆಲವರಿಗೆ ಮೂರು ತಿಂಗಳು. ಏನೂ ಆಗಲಿಲ್ಲ ಅಂತ ವಾಪಸ್ ಬಂದವರನ್ನೂ ನೋಡಿದ್ದೇನೆ. ಸವೆದ ಕಾರ್ಟಿಲೇಜ್, ಅಂದರೆ ಕೀಲಿನಲ್ಲಿ ಮೂಳೆ ತುದಿಗಿರುವ ಮೆತ್ತೆ, ಇದರಿಂದ ಬೆಳೆಯುವುದಿಲ್ಲ. 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಮಂಡಿ ಸವೆತದ 140 ಜನ. ಮೂರು ತಿಂಗಳಿಗೊಮ್ಮೆ ಅರ್ಧ ಜನಕ್ಕೆ ಸ್ಟೀರಾಯ್ಡ್, ಇನ್ನರ್ಧಕ್ಕೆ ಬರೀ ಸಲೈನ್. ಎರಡು ವರ್ಷ ಕಳೆದ ಮೇಲೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಸವೆತ ಮಾತ್ರ ಸ್ಟೀರಾಯ್ಡ್ ಹಾಕಿಸಿಕೊಂಡವರಿಗೇ ಜಾಸ್ತಿ. ಒಂದೇ ಕೀಲಿಗೆ ವರ್ಷಕ್ಕೆ ಮೂರು ನಾಲ್ಕು ಸಲ ಮೀರಬಾರದು ಅನ್ನುವುದು ಅದಕ್ಕೇ. ನನ್ನನ್ನು ಕೇಳಿದರೆ ಅಷ್ಟೂ ಬೇಡ.

2020ರಲ್ಲಿ ಇನ್ನೊಂದು. ಇಂಜೆಕ್ಷನ್ನಿಗೂ ಫಿಸಿಯೋಥೆರಪಿಗೂ ಹೋಲಿಸಿ ನೋಡಿದರು, 156 ಜನ. ವರ್ಷದ ಕೊನೆಗೆ ಫಿಸಿಯೋ ಮಾಡಿದವರೇ ಚೆನ್ನಾಗಿದ್ದರು. ಹಾಗಾಗಿ ನನ್ನ ಮಾತು ಇಷ್ಟೇ: ವ್ಯಾಯಾಮ ಮಾಡಲಾಗದಷ್ಟು ನೋವಿದ್ದರೆ ಒಂದು ಸಲ ಹಾಕಿಸಿಕೋ. ನೋವು ಇಳಿದ ಆ ವಾರಗಳಲ್ಲಿ ತೊಡೆ ಗಟ್ಟಿ ಮಾಡಿಕೋ. ಚಾಪೆ ಮೇಲೆ ಮಲಗಿ ಒಂದು ಕಾಲು ಮಡಚಿಕೊಂಡು, ಇನ್ನೊಂದನ್ನು ನೆಟ್ಟಗೆ ಒಂದಡಿ ಎತ್ತಿ, ಐದು ಎಣಿಸಿ ಇಳಿಸಬೇಕು. ಸೂಜಿ ಹಾಕಿಸಿಕೊಂಡು ಮದುವೆ ಮನೆಗಳಿಗೆ ಓಡಾಡಿ, ನೋವು ತಿರುಗಿ ಬಂದಾಗ ಇನ್ನೊಂದು ಸೂಜಿಗೆ ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು.

ನಿನಗೆ ಶುಗರ್ ಇದೆ, ಅದನ್ನು ಡಾಕ್ಟರಿಗೆ ಮರೆಯದೆ ಹೇಳು. ಮೊದಲ ಎರಡು ಮೂರು ದಿನ ಶುಗರ್ ಏರುತ್ತದೆ, ಇಳಿಯಲು ವಾರ ಬೇಕಾಗಬಹುದು. ಮನೆಯ ಮಿಷನ್ನಿನಲ್ಲಿ ಬೆಳಿಗ್ಗೆ, ಊಟವಾದ ಮೇಲೆ ನೋಡಿಕೋ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಅದನ್ನೂ ಹೇಳಬೇಕು. ಜ್ವರವಿದ್ದರೆ, ಮಂಡಿ ಮೇಲೆ ಗಾಯವಿದ್ದರೆ ಆ ದಿನ ಬೇಡ.

ಹಾಕಿಸಿಕೊಂಡ ರಾತ್ರಿ ನೋವು ಹೆಚ್ಚಾದರೆ ಗಾಬರಿ ಬೀಳಬೇಡ. ಐಸ್ ಇಡು, ಒಂದೆರಡು ದಿನದಲ್ಲಿ ಕಮ್ಮಿಯಾಗುತ್ತದೆ. ಮುಖ ಕೆಂಪಾಗಿ ಬಿಸಿಯಾಗಬಹುದು. ಚುಚ್ಚಿದ ಜಾಗದಲ್ಲಿ ಚರ್ಮ ಬಿಳಿಚಿಕೊಳ್ಳುವುದೂ ಉಂಟು, ನಮ್ಮ ಬಣ್ಣಕ್ಕೆ ಅದು ಎದ್ದು ಕಾಣುತ್ತದೆ. ಆದರೆ ಮಂಡಿ ಕೆಂಪಗೆ ಸುಡುತ್ತಾ ಊದಿಕೊಂಡು, ಜ್ವರ ಬಂದು, ನೋವು ದಿನದಿಂದ ದಿನಕ್ಕೆ ಏರಿದರೆ ಅದು ಸೋಂಕು. ಅಪರೂಪ, ಆದರೂ ಬೆಳಿಗ್ಗೆ ನೋಡೋಣ ಅಂತ ಕೂರಬೇಡ, ಆಗಲೇ ಆಸ್ಪತ್ರೆಗೆ ಹೋಗು.

ಅತ್ತಿಗೆಗೂ ಒಂದು ಮಾತು ಹೇಳು. ದೀಪಾವಳಿ ಕಳೆದ ಮೇಲೆ ಅವರ ಮಂಡಿ ಬದಲಿಸುವ ಆಪರೇಷನ್ ಅಂತ ನೀನು ಹೇಳಿದ್ದೆ. ಅದಕ್ಕೆ ಮುಂಚಿನ ಮೂರು ತಿಂಗಳು ಆ ಮಂಡಿಗೆ ಈ ಸೂಜಿ ಬೇಡವೇ ಬೇಡ, ಸೋಂಕಿನ ಭಯ ಜಾಸ್ತಿ. ಈಗಾಗಲೇ ಹಾಕಿಸಿಕೊಂಡಿದ್ದರೆ ತಾರೀಖು ಬರೆದುಕೊಂಡು ಸರ್ಜನ್‌ಗೆ ತೋರಿಸಲಿ.

ಇಂತಿ,
ನಿನ್ನ ಅತ್ತೆ